ರೋಗಿಯ ಮಂಚದ ಬಳಿ ಕಾದಂಬರಿ

ಹದಿನಾರನೆಯ ಶತಮಾನದ ಯುರೋಪಿನಲ್ಲಿ ಕಾಯಿಲೆ ಬಿದ್ದವರ ಮನೆಗೆ ಎಲ್ಲರಿಗಿಂತ ಕೊನೆಗೆ ಬರುತ್ತಿದ್ದವನು ವೈದ್ಯ. ಮೊದಲು ಮನೆಯ ಹಿರಿಯ ಹೆಂಗಸಿನ ಕಷಾಯ. ಅದು ಹತ್ತದಿದ್ದರೆ ಗಿಡಮೂಲಿಕೆ ಬಲ್ಲ ನೆರೆಯ ಮುದುಕಿ, ಹಲ್ಲು ಕೀಳುವ ಮತ್ತು ರಕ್ತ ತೆಗೆಯುವ ಕ್ಷೌರಿಕ, ಮೂಳೆ ಕೂಡಿಸುವವನು, ಔಷಧಿ ಅಂಗಡಿಯವನು. ಇಷ್ಟೆಲ್ಲ ದಾಟಿದ ಮೇಲೆ, ಕೈಯಲ್ಲಿ ಕಾಸಿದ್ದರೆ, ಲ್ಯಾಟಿನ್ ಓದಿದ ವೈದ್ಯ. 1499ರ ಸುಮಾರಿನ ಸ್ಪೇನಿನಿಂದ 1771ರ ಇಂಗ್ಲೆಂಡಿನವರೆಗಿನ ಗದ್ಯಕಥನಗಳಲ್ಲಿ ಇವರೆಲ್ಲರೂ ಸಿಗುತ್ತಾರೆ. ಈ ಕೃತಿಗಳ ವೈದ್ಯರ ಮಾತು ಬಂದಾಗಲೆಲ್ಲ ಗೇಲಿಯೇ ನೆನಪಿಗೆ ಬರುವುದುಂಟು. ಗೇಲಿ ಇರುವುದು ನಿಜ, ಅದಕ್ಕೆ ಕಾರಣವೂ ಇತ್ತು. ಆದರೆ ವೈದ್ಯರನ್ನು ನಗೆಪಾಟಲು ಮಾಡುವುದು ಗ್ರೀಕರ, ರೋಮನ್ನರ ಕಾಲದಿಂದ ಬಂದ ರೂಢಿ. ಈ ಕಥನಗಳಲ್ಲಿ ಹೊಸದಾಗಿ ಕಾಣುವುದು ಬೇರೆ: ಕಾಯಿಲೆಯನ್ನು ಅವು ಮಂಚದ ಮೇಲೆ ಮಲಗಿದವರ ಕಡೆಯಿಂದ ನೋಡಿದವು. ನೋವು ಎಷ್ಟು ದಿನ ಕಾಡಿತು, ಮದ್ದಿಗೆ ಎಷ್ಟು ಹೋಯಿತು, ಯಾರು ಬಾಗಿಲಲ್ಲೇ ನಿಂತು ವಾಪಸಾದರು ಎಂಬ ವಿವರ ಅಂದಿನ ವೈದ್ಯಗ್ರಂಥಗಳಲ್ಲಿ ಅಪರೂಪ, ಕಾದಂಬರಿಗಳಲ್ಲಿ ಧಾರಾಳ.

ಅಂದಿನ ವೈದ್ಯಶಾಸ್ತ್ರದ ತಳಹದಿ ಗ್ಯಾಲೆನ್‌ನ ಚತುರ್ದ್ರವ ಸಿದ್ಧಾಂತ. ವಾತ, ಪಿತ್ತ, ಕಫಗಳ ಲೆಕ್ಕ ಬಲ್ಲ ಕನ್ನಡ ಓದುಗರಿಗೆ ಇದು ತೀರಾ ಅಪರಿಚಿತವಲ್ಲ. ಅಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂದು ನಾಲ್ಕು. ಇವುಗಳ ಏರುಪೇರೇ ರೋಗ. ಆದ್ದರಿಂದ ಚಿಕಿತ್ಸೆಯೆಂದರೆ ಹೆಚ್ಚಾದದ್ದನ್ನು ಹೊರಹಾಕುವುದು: ರಕ್ತ ತೆಗೆ, ಭೇದಿ ಮಾಡಿಸು, ವಾಂತಿ ಮಾಡಿಸು, ಬೆವರಿಸು. 1543ರಲ್ಲಿ ವೆಸಾಲಿಯಸ್‌ನ ಅಂಗರಚನಾ ಗ್ರಂಥ ಬಂತು. 1628ರಲ್ಲಿ ರಕ್ತಪರಿಚಲನೆಯ ಬಗ್ಗೆ ಹಾರ್ವೆಯ ಪುಸ್ತಕ ಬಂತು. ದೇಹದ ತಿಳಿವಳಿಕೆ ಬದಲಾಯಿತು, ಮಂಚದ ಬಳಿ ನಡೆಯುವ ಉಪಚಾರ ಮಾತ್ರ ಹಾಗೇ ಉಳಿಯಿತು. ಜೊತೆಗೆ ವೃತ್ತಿಗಳೊಳಗಿನ ಗಡಿಜಗಳ. ಲಂಡನ್ನಿನ ವೈದ್ಯರ ಕಾಲೇಜು ಸ್ಥಾಪನೆಯಾದದ್ದು 1518ರಲ್ಲಿ. 1540ರಲ್ಲಿ ಕ್ಷೌರಿಕರೂ ಶಸ್ತ್ರವೈದ್ಯರೂ ಒಂದೇ ಸಂಘವಾದರು. ಅವರು ಬೇರೆಯಾಗಲು 1745ರವರೆಗೆ ಕಾಯಬೇಕಾಯಿತು. ಔಷಧಿ ಮಾರುವವರು ದಿನಸಿ ವ್ಯಾಪಾರಿಗಳ ಸಂಘದಿಂದ ಹೊರಬಂದದ್ದು 1617ರಲ್ಲಿ. ಗುಣಪಡಿಸುವ ಶಕ್ತಿ ಕಡಿಮೆ, ಹಕ್ಕಿನ ಪೈಪೋಟಿ ಜೋರು. ವೈದ್ಯನನ್ನು ಅವನ ವೇಷದಿಂದ, ಮಾತಿನಿಂದ ಅಳೆಯುವ ಪರಿಸ್ಥಿತಿ ಹುಟ್ಟಿದ್ದು ಹೀಗೆ.

ಫೆರ್ನಾಂಡೊ ದೆ ರೋಹಾಸ್ ಬರೆದ 'ಲಾ ಸೆಲೆಸ್ತೀನಾ' ಪೂರ್ತಿ ಸಂಭಾಷಣೆಯಲ್ಲಿರುವ ಕೃತಿ. ಅದರ ಕೇಂದ್ರದಲ್ಲಿರುವ ಮುದುಕಿ ಸೆಲೆಸ್ತೀನಾ ಹೊಲಿಗೆ ಕೆಲಸದ ನೆಪದಲ್ಲಿ ಮನೆಮನೆ ಹೊಕ್ಕು ಸುಗಂಧ, ಮುಖಲೇಪ, ಮದ್ದು ಮಾರುತ್ತಾಳೆ, ಗುಟ್ಟಾಗಿ ಗಂಡುಹೆಣ್ಣುಗಳನ್ನು ಕೂಡಿಸುತ್ತಾಳೆ, ಮಾಟವನ್ನೂ ಮಾಡುತ್ತಾಳೆ. ಕಲಿಸ್ತೋ ಎಂಬ ತರುಣನ ಪರವಾಗಿ ಮೆಲಿಬಿಯಾಳ ಮನೆಗೆ ಹೋದವಳು ಕೇಳುವುದು ಎರಡು ವಸ್ತು: ಹಲ್ಲುನೋವಿಗೆ ಸಂತ ಅಪೊಲೋನಿಯಾಳ ಪ್ರಾರ್ಥನೆ, ಮತ್ತು ಪವಿತ್ರ ಅವಶೇಷಗಳಿಗೆ ಮುಟ್ಟಿಸಿ ತಂದ ಸೊಂಟದ ದಾರ. ಮಂತ್ರ, ತಾಯಿತ, ಮದ್ದು ಮೂರೂ ಒಂದೇ ಬುಟ್ಟಿಯಲ್ಲಿದ್ದ ಜಗತ್ತು ಈ ಒಂದು ಬೇಡಿಕೆಯಲ್ಲೇ ಕಾಣುತ್ತದೆ. ಮುಂದೆ ಮೆಲಿಬಿಯಾ ತಾನೇ ಪ್ರೇಮಜ್ವರಕ್ಕೆ ಸಿಕ್ಕಾಗ ಸೆಲೆಸ್ತೀನಾ ಅವಳ ಬಳಿ ಕುಳಿತು ನೋವು ಎಲ್ಲಿ, ಇದು ಹೊಸದೋ ಹಳೆಯದೋ, ಯಾವ ಚಿಂತೆಯಿಂದ ಹುಟ್ಟಿತು ಎಂದು ಪಳಗಿದ ವೈದ್ಯನಂತೆ ವಿಚಾರಿಸುತ್ತಾಳೆ. ಹುಡುಗಿ ತಡೆತಡೆದು ಬಾಯಿಬಿಡುತ್ತಾಳೆ. ರೋಗಿಯ ಮಾತನ್ನು ಹೊರಡಿಸುವ ಕಲೆ ಈ ಕಾಲದ ಕಥನಗಳಲ್ಲಿ ಹೆಚ್ಚಾಗಿ ಪದವಿಯಿಲ್ಲದವರ ಕೈಯಲ್ಲೇ ಇದೆ. ಆದರೆ ಅಂಥ ಹೆಂಗಸನ್ನು ಲೇಖಕರು ಒಳ್ಳೆಯವಳಾಗಿ ಚಿತ್ರಿಸುವುದು ವಿರಳ. ಅವಳ ಮೇಲೆ ಮಾಟಗಾತಿಯ ನೆರಳು ಯಾವಾಗಲೂ ಬಿದ್ದಿರುತ್ತದೆ. ಊರಿಗೆಲ್ಲ ಬೇಕಾದವಳೇ ಊರಿಗೆಲ್ಲ ಅನುಮಾನದವಳೂ ಆಗಿದ್ದಳು.

ಫ್ರಾನ್ಸಿನ ಫ್ರಾನ್ಸ್ವಾ ರಬಲೇ ಸ್ವತಃ ವೈದ್ಯ. ಮೊಂಪೆಲಿಯೆಯಲ್ಲಿ ಓದಿ, ಹಿಪೊಕ್ರಟಿಸ್ ಮತ್ತು ಗ್ಯಾಲೆನ್ ಮೇಲೆ ಪಾಠ ಹೇಳಿ, 1532ರಲ್ಲಿ ಲಿಯೋನ್‌ನ ಆಸ್ಪತ್ರೆಗೆ ವೈದ್ಯನಾಗಿ ಸೇರಿದ ವರ್ಷವೇ 'ಪಾಂಟಾಗ್ರುಯೆಲ್' ಪ್ರಕಟಿಸಿದ. ದೈತ್ಯ ಪಾಂಟಾಗ್ರುಯೆಲ್‌ನಿಗೆ ಹೊಟ್ಟೆ ಕೆಟ್ಟಾಗ ಆಳುಗಳು ದೊಡ್ಡ ತಾಮ್ರದ ಗುಂಡುಗಳೊಳಗೆ ಕುಳಿತು ಅವನ ಹೊಟ್ಟೆಗಿಳಿದು, ಹಾರೆ ಸಲಿಕೆಗಳಿಂದ ಕಶ್ಮಲ ಅಗೆದು ತೆಗೆಯುತ್ತಾರೆ. ಭೇದಿ ಮದ್ದಿನ ತತ್ವವನ್ನು ಹೊಲದ ಕೆಲಸದಂತೆ ಕಣ್ಣಿಗೆ ಕಟ್ಟಿಸಿದ ಚಿತ್ರ ಇದು. 1552ರ ನಾಲ್ಕನೆಯ ಪುಸ್ತಕದ ಅರ್ಪಣಪತ್ರದಲ್ಲಿ ರಬಲೇ ಗಂಭೀರವಾಗಿ ಹೇಳುವ ಮಾತೊಂದಿದೆ: ವೈದ್ಯನ ಮುಖ, ಉಡುಪು, ದನಿ ಎಲ್ಲವೂ ರೋಗಿಯ ಮೇಲೆ ಕೆಲಸ ಮಾಡುತ್ತವೆ, ತನ್ನ ಕಥೆಗಳೂ ನೋವಿನಲ್ಲಿರುವವರಿಗೆ ಹಗುರ ತರಲೆಂದೇ ಬರೆದವು. 'ಪಾಂಟಾಗ್ರುಯೆಲ್'ನ ಮುನ್ನುಡಿಯಲ್ಲಿ ಬೆವರಿನ ಚಿಕಿತ್ಸೆಗೆ ಕುಳಿತ ಗುಹ್ಯರೋಗಿಗಳು ಕಥೆ ಓದಿಸಿಕೊಂಡು ಸಮಾಧಾನ ಪಡುವ ಪ್ರಸ್ತಾಪವೂ ಬರುತ್ತದೆ.

ಆ ಗುಹ್ಯರೋಗ ಆ ಕಾಲದ ಕಥನಗಳಲ್ಲೆಲ್ಲ ಹರಡಿದೆ. 1490ರ ದಶಕದಲ್ಲಿ ನೇಪಲ್ಸ್ ಯುದ್ಧದ ಸೈನಿಕರ ನಡುವೆ ಕಾಣಿಸಿಕೊಂಡ ಸಿಫಿಲಿಸ್‌ಗೆ ಆ ಹೆಸರು ಬಂದದ್ದು ಫ್ರಕಾಸ್ಟೊರೊನ 1530ರ ಲ್ಯಾಟಿನ್ ಕಾವ್ಯದಿಂದ. ಇಟಲಿಯವರು ಅದನ್ನು ಫ್ರೆಂಚರ ರೋಗವೆಂದರು, ಫ್ರೆಂಚರು ನೇಪಲ್ಸಿನ ರೋಗವೆಂದರು. ಹಡಗಿನ ದಾರಿಯಲ್ಲಿ ಅದು ಭಾರತಕ್ಕೂ ಬಂದಿತು. ಹದಿನಾರನೆಯ ಶತಮಾನದ ಸಂಸ್ಕೃತ ವೈದ್ಯಗ್ರಂಥ 'ಭಾವಪ್ರಕಾಶ' ಅದನ್ನು ಫಿರಂಗರೋಗ ಎಂದೇ ಕರೆದು, ಪಾದರಸದ ಜೊತೆಗೆ ಚೋಪಚೀನಿ ಬೇರಿನ ಚಿಕಿತ್ಸೆ ಹೇಳುತ್ತದೆ. ಪ್ರತಿ ನಾಡೂ ಪಕ್ಕದವರ ತಲೆಗೆ ಕಟ್ಟಿದ ಈ ಕಾಯಿಲೆಯೊಳಗಿಂದ ಸರ್ವಾಂಟೆಸ್ ಒಂದು ಅಪೂರ್ವ ಕಥೆ ಹೊರಡಿಸಿದ. 1613ರ 'ಮಾದರಿ ಕಥೆಗಳು' ಸಂಕಲನದಲ್ಲಿ ಸೈನಿಕ ಕಂಪುಸಾನೊ ವಯ್ಯಾದೊಲಿದ್ ನಗರದ ಆಸ್ಪತ್ರೆಯಿಂದ, ಬೆವರು ಹರಿಸಿ ಹರಿಸಿ ನಿತ್ರಾಣನಾಗಿ, ಕತ್ತಿಯನ್ನು ಊರುಗೋಲಾಗಿಸಿಕೊಂಡು ಹೊರಬರುತ್ತಾನೆ. ಆಸ್ಪತ್ರೆಯಲ್ಲಿ ರಾತ್ರಿ ನಿದ್ದೆಯಿಲ್ಲದೆ ಮಲಗಿದ್ದಾಗ ಎರಡು ನಾಯಿಗಳು ಮಾತಾಡಿಕೊಂಡದ್ದನ್ನು ಕೇಳಿದೆ ಎಂದು ಗೆಳೆಯನಿಗೆ ಹೇಳಿ, ತಾನು ಬರೆದಿಟ್ಟದ್ದನ್ನು ಓದಲು ಕೊಡುತ್ತಾನೆ. ಅದು ಜ್ವರದ ಭ್ರಮೆಯೋ ನಿಜವೋ, ಕಥೆ ತೀರ್ಮಾನಿಸುವುದಿಲ್ಲ. ಆ ನಾಯಿಗಳಲ್ಲೊಂದು ಅಲ್ಕಲಾ ವಿಶ್ವವಿದ್ಯಾಲಯದ 5,000 ವಿದ್ಯಾರ್ಥಿಗಳಲ್ಲಿ 2,000 ಮಂದಿ ವೈದ್ಯ ಓದುತ್ತಿರುವ ಸುದ್ದಿ ಹೇಳಿ, ಇವರಿಗೆಲ್ಲ ಒಂದೋ ರೋಗಿಗಳು ಬೇಕು, ಇಲ್ಲವೇ ಹಸಿದು ಸಾಯಬೇಕು ಎಂದು ಚಿಂತಿಸುತ್ತದೆ.

ಸರ್ವಾಂಟೆಸ್‌ಗೆ ಈ ಲೋಕ ಮನೆಯೊಳಗಿನದು. ಅವನ ತಂದೆ ರೊದ್ರಿಗೊ ಶಸ್ತ್ರವೈದ್ಯ, ಕ್ಷೌರಿಕ ವೃತ್ತಿಗೆ ಹತ್ತಿರದವನು, ಸಾಲಕ್ಕೆ ಸಿಕ್ಕಿ ಸೆರೆ ಕಂಡವನು. 'ದಾನ್ ಕಿಹೋಟೆ'ಯ ಎರಡು ಭಾಗಗಳಲ್ಲಿ (1605, 1615) ವೈದ್ಯಕೀಯದ ಎಲ್ಲ ಮೆಟ್ಟಿಲುಗಳೂ ಇವೆ: ಊರ ಕ್ಷೌರಿಕ ನಿಕೊಲಾಸ್, ಬಿದ್ದವನೊಬ್ಬನ ಮೈ ಸರಿಮಾಡುವ ಮೂಳೆ ಕೂಡಿಸುವವನು, ನಾಯಕ ತಾನೇ ಬೇಯಿಸುವ ತೈಲ. ಮೂಳೆ ಕೂಡಿಸುವವನಿಗೆ ಅಂದಿನ ಸ್ಪ್ಯಾನಿಷ್‌ನಲ್ಲಿದ್ದ ಹೆಸರು 'ಅಲ್ಹೆಬ್ರಿಸ್ತಾ'. ಮುರಿದದ್ದನ್ನು ಜೋಡಿಸು ಎಂಬರ್ಥದ ಅರಬ್ಬಿ ಪದದಿಂದ ಬಂದದ್ದು, ಬೀಜಗಣಿತದ ಆಲ್ಜೀಬ್ರಾ ಕೂಡ ಅದೇ ಪದ. ರೋಸ್‌ಮರಿ ಎಲೆ, ಎಣ್ಣೆ, ಉಪ್ಪು, ವೈನ್ ಕುದಿಸಿ ಮಾಡಿದ ತೈಲವನ್ನು ದಾನ್ ಕಿಹೋಟೆ ಕುಡಿದು ವಾಂತಿ ಮಾಡಿ, ಬೆವರಿ, ಮೂರು ತಾಸು ಮಲಗಿ ಎದ್ದರೆ ಮೈ ಹಗುರ. ಅದನ್ನೇ ಕುಡಿದ ಅವನ ಆಳು ಸಾಂಚೋಗೆ ಪ್ರಾಣ ಹೋಗುವಷ್ಟು ಸಂಕಟ. ಒಬ್ಬನಿಗೆ ಅಮೃತವಾದದ್ದು ಇನ್ನೊಬ್ಬನಿಗೆ ವಿಷ ಎಂಬ ಅಂದಿನ ದೇಹಪ್ರಕೃತಿಯ ವಾದವನ್ನು ಈ ಪ್ರಸಂಗ ಇಬ್ಬರ ಹೊಟ್ಟೆಯಲ್ಲೂ ಪರೀಕ್ಷಿಸಿ ನೋಡುತ್ತದೆ.

ಎರಡನೆಯ ಭಾಗದಲ್ಲಿ ಸಾಂಚೋ ಒಂದು ದ್ವೀಪದ ಅಧಿಪತಿಯಾಗಿ ಊಟಕ್ಕೆ ಕೂರುತ್ತಾನೆ. ಪಕ್ಕದಲ್ಲಿ ತಿಮಿಂಗಿಲದ ಎಲುಬಿನ ಕೋಲು ಹಿಡಿದ ವೈದ್ಯ ಪೇದ್ರೊ ರೆಸಿಯೊ. ಹಣ್ಣಿನ ತಟ್ಟೆಗೆ ಕೋಲು ತಾಗಿತು, ತಟ್ಟೆ ಹೋಯಿತು; ತೇವ ಹೆಚ್ಚಂತೆ. ಮುಂದಿನ ತಟ್ಟೆಗೆ ತಾಗಿತು, ಅದೂ ಹೋಯಿತು, ಉಷ್ಣವಂತೆ. ಹುರಿದ ಕವುಜುಗ ಬಂತು, ಹಿಪೊಕ್ರಟಿಸ್‌ನ ಹೆಸರಿನಲ್ಲಿ ಅದೂ ಮಾಯ. ಜೀವಮಾನವಿಡೀ ಬ್ರೆಡ್ಡು ಈರುಳ್ಳಿ ತಿಂದು ಗಟ್ಟಿಯಾಗಿದ್ದವನು ಅಧಿಕಾರ ಸಿಕ್ಕ ದಿನವೇ ಪಥ್ಯದಿಂದ ಹಸಿದು ಕೂರುತ್ತಾನೆ. ಅಧಿಪತಿಯ ಗದ್ದುಗೆಯಂತೆ ಈ ಪಥ್ಯವೂ ಡ್ಯೂಕ್ ಒಬ್ಬನ ಕಡೆಯವರು ಹೂಡಿದ ನಾಟಕದ ಭಾಗ. ಹಸಿವು ಮಾತ್ರ ನಾಟಕವಲ್ಲ.

ಮನಸ್ಸಿನ ಕಾಯಿಲೆಯ ವಿಷಯದಲ್ಲಿ ಸರ್ವಾಂಟೆಸ್ ಎಲ್ಲರಿಗಿಂತ ಮುಂದೆ ಹೋದ. ದಾನ್ ಕಿಹೋಟೆಗೆ ನಿದ್ದೆಗೆಟ್ಟು ಓದಿದ್ದರಿಂದ ಮೆದುಳು ಒಣಗಿತು ಎಂಬ ವಿವರಣೆ ದ್ರವಸಿದ್ಧಾಂತದ್ದೇ. 1575ರಲ್ಲಿ ಪ್ರಕಟವಾದ ವೈದ್ಯ ಹುವಾರ್ತೆಯ ಬುದ್ಧಿಪರೀಕ್ಷೆಯ ಗ್ರಂಥದ ಛಾಯೆಯನ್ನು ವಿದ್ವಾಂಸರು ಇಲ್ಲಿ ಗುರುತಿಸಿದ್ದಾರೆ. 'ಗಾಜಿನ ಪದವೀಧರ' ಕಥೆಯ ತೊಮಾಸ್‌ನಿಗೆ ಒಬ್ಬಳು ವಶೀಕರಣದ ಮದ್ದು ಹಾಕಿದ ಹಣ್ಣು ತಿನ್ನಿಸುತ್ತಾಳೆ. ಆರು ತಿಂಗಳು ಹಾಸಿಗೆ ಹಿಡಿದು ಎದ್ದವನಿಗೆ ತನ್ನ ಮೈಯೆಲ್ಲ ಗಾಜು ಎಂಬ ಭ್ರಮೆ. ಯಾರೂ ಹತ್ತಿರ ಬರಬಾರದು, ಮಲಗಲು ಹುಲ್ಲಿನ ರಾಶಿಯೇ ಬೇಕು. ಇದು ಬರಿ ಕಲ್ಪನೆಯಲ್ಲ. ಗಾಜಿನ ಭ್ರಮೆ ಅಂದಿನ ವೈದ್ಯರು ದಾಖಲಿಸಿದ್ದ ವಿಷಾದರೋಗದ ಒಂದು ಬಗೆ. ಹುಚ್ಚನಾಗಿದ್ದಷ್ಟು ಕಾಲ ಅವನ ಚುರುಕು ಮಾತು ಕೇಳಲು ಜನ ಮುತ್ತುತ್ತಾರೆ. ಒಬ್ಬ ಸನ್ಯಾಸಿ ಅವನನ್ನು ಗುಣಪಡಿಸಿದ ಮೇಲೆ ವಕೀಲಿಕೆಯಿಂದ ಹೊಟ್ಟೆ ಹೊರೆಯಲು ಹೋದರೆ ಯಾರಿಗೂ ಬೇಡ. ಕೊನೆಗೆ ಫ್ಲಾಂಡರ್ಸ್‌ಗೆ ಸೈನಿಕನಾಗಿ ಹೋಗಿ ಸಾಯುತ್ತಾನೆ. ಗುಣವಾದವನನ್ನು ಊರು ಹೇಗೆ ನಡೆಸಿಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಇಷ್ಟು ನೋವಿನಿಂದ ಕೇಳಿದ ಕಥೆ ಆ ಕಾಲದಲ್ಲಿ ಇನ್ನೊಂದಿಲ್ಲ.

ಎಲ್ಲ ಚಿತ್ರಣವೂ ಹೀಗೆ ನ್ಯಾಯವಾದದ್ದಲ್ಲ. ಇಂಗ್ಲೆಂಡಿನ ಥಾಮಸ್ ನ್ಯಾಶ್ 1594ರಲ್ಲಿ ಪ್ರಕಟಿಸಿದ 'ದಿ ಅನ್‌ಫಾರ್ಚುನೇಟ್ ಟ್ರಾವೆಲರ್' ಕೃತಿಯಲ್ಲಿ ರೋಮ್ ನಗರದ ಯಹೂದಿ ವೈದ್ಯನೊಬ್ಬ ನಾಯಕನನ್ನು ಸೀಳಿ ನೋಡಲೆಂದು ಕೊಂಡುಕೊಳ್ಳುತ್ತಾನೆ. ಅದೇ ವರ್ಷ ರಾಣಿ ಎಲಿಜಬೆತ್‌ಳ ವೈದ್ಯ, ಯಹೂದಿ ಮೂಲದ ರೊದ್ರಿಗೊ ಲೋಪೆಸ್‌ನನ್ನು ವಿಷವಿಕ್ಕುವ ಸಂಚಿನ ಆರೋಪದ ಮೇಲೆ ಲಂಡನ್ನಿನಲ್ಲಿ ಕೊಂದರು. ದೇಹ ಸೀಳುವ ವಿದ್ಯೆಯ ಬಗೆಗಿನ ಜನರ ಭಯವನ್ನು ದ್ವೇಷಕ್ಕೆ ಗುರಿಯಾದ ಸಮುದಾಯದ ತಲೆಗೆ ಕಟ್ಟಿದ ಈ ಚಿತ್ರ ಸಾಹಿತ್ಯದ ಗುಣದಿಂದ ಕ್ಷಮೆ ಪಡೆಯಲಾರದು.

ಫ್ರಾನ್ಸಿನ ಲ ಸಾಜ್‌ನ 'ಜಿಲ್ ಬ್ಲಾಸ್' (1715–35) ಕಾದಂಬರಿಯ ಡಾಕ್ಟರ್ ಸಾಂಗ್ರಾದೊ ಬಹಳ ಪ್ರಸಿದ್ಧ. ಎಲ್ಲ ರೋಗಕ್ಕೂ ಅವನ ಬಳಿ ಎರಡೇ ಉಪಾಯ: ರಕ್ತ ತೆಗೆಯುವುದು, ಬಿಸಿನೀರು ಕುಡಿಸುವುದು. ಆಳಾಗಿ ಸೇರಿದ ಜಿಲ್ ಬ್ಲಾಸ್ ಯಜಮಾನನ ಅಂಗಿ ತೊಟ್ಟು ತಾನೂ ವೈದ್ಯನಾಗುತ್ತಾನೆ. ರೋಗಿಗಳು ಸಾಲಾಗಿ ಸಾಯುವುದನ್ನು ಕಂಡು ಪದ್ಧತಿ ಬದಲಿಸೋಣವೇ ಎಂದು ಕೇಳಿದರೆ, ಇದನ್ನೇ ಹೊಗಳಿ ಪುಸ್ತಕ ಪ್ರಕಟಿಸಿದ್ದೇನೆ, ಈಗ ಬದಲಿಸುವುದು ಹೇಗೆ ಎಂಬ ಉತ್ತರ ಬರುತ್ತದೆ. ಹಣದಾಸೆಗಿಂತ ಅಚ್ಚಾದ ಅಭಿಪ್ರಾಯದ ಬಂಧನ ಇಲ್ಲಿ ಹೆಚ್ಚು ಜೀವಗಳನ್ನು ತೆಗೆದಿದೆ.

ಡೇನಿಯಲ್ ಡಿಫೋನ 'ಪ್ಲೇಗ್ ವರ್ಷದ ದಿನಚರಿ' 1722ರದು. ಎರಡು ವರ್ಷದ ಹಿಂದೆ ಮಾರ್ಸೇಲ್ ಬಂದರಿಗೆ ಪ್ಲೇಗು ಬಂದಿತ್ತು. ಲಂಡನ್ನಿಗೆ 1665ರ ನೆನಪು ಮರುಕಳಿಸಿತ್ತು. ಆ ವರ್ಷ ಲಂಡನ್ನಿನ ಸಾವಿನ ಪಟ್ಟಿಗಳಲ್ಲಿ ಪ್ಲೇಗಿನ ಲೆಕ್ಕಕ್ಕೆ ಬರೆದದ್ದು 68,596 ಜೀವ. ಡಿಫೋಗೆ ಆಗ ಐದು ವರ್ಷದ ಆಸುಪಾಸು. ಆದರೂ ಎಚ್.ಎಫ್. ಎಂಬ ಜೀನು ವ್ಯಾಪಾರಿಯ ಬಾಯಲ್ಲಿ ಹೇಳಿಸಿದ ಕಥೆ ಎಷ್ಟು ಖಚಿತವಾಗಿದೆಯೆಂದರೆ, ಬಹುಕಾಲ ಓದುಗರು ಅದನ್ನು ಕಂಡವರ ದಾಖಲೆಯೆಂದೇ ನಂಬಿದ್ದರು. ಅಳಲೆಕಾಯಿ ಪಂಡಿತರ ಜಾಹೀರಾತುಗಳು ಕಂಬಕಂಬಕ್ಕೂ ಅಂಟಿವೆ. ಬಡವರಿಗೆ ಸಲಹೆ ಉಚಿತ ಎಂದು ಬರೆದವನ ಬಳಿ ಬಡ ಹೆಂಗಸೊಬ್ಬಳು ಹೋದರೆ ಸಿಗುವ ಉಚಿತ ಸಲಹೆ ಒಂದೇ: ನನ್ನ ಮದ್ದು ಕೊಂಡುಕೋ. ಮಾಂಸದಂಗಡಿಯಲ್ಲಿ ಗಿರಾಕಿ ಕೊಕ್ಕೆಯಿಂದ ತಾನೇ ತುಂಡು ತೆಗೆದುಕೊಳ್ಳುತ್ತಾನೆ. ಅಂಗಡಿಯವನು ಕಾಸು ಮುಟ್ಟದೆ ವಿನೆಗರ್ ತುಂಬಿದ ಪಾತ್ರೆಗೆ ಹಾಕಿಸಿಕೊಳ್ಳುತ್ತಾನೆ. ರೋಗ ತಾಗಿದ ಮನೆಗೆ ಕೆಂಪು ಶಿಲುಬೆಯ ಗುರುತು, ಹೊರಗಿಂದ ಬೀಗ, ಕಾವಲುಗಾರ. ಗಡ್ಡೆ ಒಡೆಯಲೆಂದು ಶಸ್ತ್ರವೈದ್ಯರು ಇಟ್ಟ ಸುಡುಮದ್ದಿನ ಉರಿ ತಾಳದೆ ಜನ ಹುಚ್ಚಾಗುತ್ತಾರೆ.

ಒಂದು ಮನೆಯಲ್ಲಿ ತಾಯಿ ತಲೆನೋವೆಂದ ಮಗಳನ್ನು ಹಾಸಿಗೆಗೆ ಕಳಿಸಿ, ಬಟ್ಟೆ ಬಿಚ್ಚಿ, ಮೇಣದಬತ್ತಿ ಹಿಡಿದು ಮೈ ನೋಡುತ್ತಾಳೆ. ತೊಡೆಯ ಒಳಗೆ ಆ ಗುರುತುಗಳಿವೆ. ಬತ್ತಿ ಕೈಯಿಂದ ಬೀಳುತ್ತದೆ, ಚೀರಾಟ ಮನೆಯಿಡೀ ತುಂಬುತ್ತದೆ. ಎರಡು ತಾಸು ತುಂಬುವ ಮುಂಚೆ ಮಗಳು ಹೋಗುತ್ತಾಳೆ. ತಾಯಿಗೆ ಬುದ್ಧಿ ಮರಳುವುದೇ ಇಲ್ಲ. ಇನ್ನೊಂದು ಕಡೆ ಥೇಮ್ಸ್ ನದಿಯ ದೋಣಿಕಾರನೊಬ್ಬ ರೋಗವಿರುವ ತನ್ನ ಮನೆಯಿಂದ ದೂರದ ಚಪ್ಪಡಿಕಲ್ಲಿನ ಮೇಲೆ ದುಡಿದ ಕಾಸನ್ನೂ ದಿನಸಿಯನ್ನೂ ಇಟ್ಟು, ಹೆಂಡತಿಯನ್ನು ಕೂಗಿ ಕರೆದು, ಹಿಂದೆ ಸರಿದು ನಿಲ್ಲುತ್ತಾನೆ. ಸಾವಿನ ಪಟ್ಟಿಯ ಅಂಕಿಗಳನ್ನು ಪುಟಪುಟಕ್ಕೂ ಕೊಡುವ ಡಿಫೋ ಇಂಥ ದೃಶ್ಯಗಳನ್ನು ಅವುಗಳ ನಡುವೆಯೇ ಇಟ್ಟಿದ್ದಾನೆ, ಹಾಗಾಗಿ ಯಾವ ಅಂಕಿಯೂ ಬರಿ ಅಂಕಿಯಾಗಿ ಉಳಿಯುವುದಿಲ್ಲ.

ಸ್ಯಾಮ್ಯುಯೆಲ್ ರಿಚರ್ಡ್‌ಸನ್ನನ 'ಕ್ಲಾರಿಸಾ' (1747–48) ಬೇರೆಯೇ ಜಾಡು. ಅತ್ಯಾಚಾರಕ್ಕೆ ಒಳಗಾದ ಕ್ಲಾರಿಸಾಳ ಕಾಯಿಲೆಗೆ ವೈದ್ಯರು ಹೆಸರು ಕೊಡಲಾರರು. ದುಃಖವೇ ಅವಳನ್ನು ಕರಗಿಸುತ್ತಿದೆ ಎನ್ನುತ್ತಾರೆ. ಅವಳನ್ನು ನೋಡುವ ಡಾಕ್ಟರ್ ಎಚ್. ಮತ್ತು ಔಷಧಿಗಾರ ಗೊಡಾರ್ಡ್ ಸಜ್ಜನರು. ಮಿತಿ ಅರಿತು ಮರ್ಯಾದೆಯಿಂದ ನಡೆಯುವ ವೈದ್ಯ ಕಾದಂಬರಿಗೆ ಬಂದದ್ದು ಇಲ್ಲಿ. ನರಗಳ ದೌರ್ಬಲ್ಯದ ಬಗ್ಗೆ 1733ರಲ್ಲಿ 'ದಿ ಇಂಗ್ಲಿಷ್ ಮ್ಯಾಲಡಿ' ಬರೆದ ಜಾರ್ಜ್ ಚೇನಿ ರಿಚರ್ಡ್‌ಸನ್ನನ ಸ್ನೇಹಿತನೂ ವೈದ್ಯನೂ ಆಗಿದ್ದ. ಸೂಕ್ಷ್ಮ ಮನಸ್ಸಿನವರ ಮೈಯೂ ಸೂಕ್ಷ್ಮ ಎಂಬ ನಂಬಿಕೆ ಅಲ್ಲಿಂದ ಕಾದಂಬರಿಗೆ ಹರಿಯಿತು, ಮತ್ತು ನಾಯಕಿಯರನ್ನು ಸುಂದರವಾಗಿ ಸಾಯಿಸುವ ಕೆಟ್ಟ ಚಾಳಿಗೂ ದಾರಿಮಾಡಿತು.

1748ರ 'ರೋಡರಿಕ್ ರ‍್ಯಾಂಡಮ್'ನಲ್ಲಿ ಅಂಥ ಸೌಂದರ್ಯವಿಲ್ಲ. ಟೊಬಯಾಸ್ ಸ್ಮಾಲೆಟ್ ನೌಕಾಪಡೆಯ ಶಸ್ತ್ರವೈದ್ಯನ ಸಹಾಯಕನಾಗಿ 1741ರ ಕಾರ್ತಹೇನಾ ದಂಡಯಾತ್ರೆಗೆ ಹೋಗಿದ್ದವನು. ಅಲ್ಲಿ ಗುಂಡಿಗಿಂತ ಜ್ವರಕ್ಕೆ ಸತ್ತವರೇ ಹೆಚ್ಚು. ನಾಯಕ ರೋಗಿಗಳ ಕೋಣೆಗೆ ಇಳಿದಾಗ ಸುಮಾರು ಐವತ್ತು ಜನ ಸಾಲುಸಾಲಾಗಿ ತೂಗುಹಾಸಿಗೆಗಳಲ್ಲಿ ನೇತಾಡುತ್ತಿದ್ದಾರೆ. ಒಬ್ಬೊಬ್ಬರಿಗೆ 14 ಅಂಗುಲ ಜಾಗ. ಬೆಳಕಿಲ್ಲ, ಗಾಳಿಯಿಲ್ಲ. ತನ್ನ ಹಡಗಿನಲ್ಲಿ ರೋಗಿಗಳೇ ಇರಕೂಡದೆಂದು ಕ್ಯಾಪ್ಟನ್ ಅವರನ್ನು ಮೇಲಕ್ಕೆ ಎಳೆಸುತ್ತಾನೆ. ಹಡಗಿನ ಶಸ್ತ್ರವೈದ್ಯ ಹೂಗುಟ್ಟುತ್ತಾನೆ. ಎದೆಯ ಕಾಯಿಲೆಯವನೊಬ್ಬನನ್ನು ನೀರೆತ್ತುವ ಪಂಪಿಗೆ ಹಚ್ಚಿದರೆ ಅವನು ರಕ್ತ ಕಾರಿ ಸಾಯುತ್ತಾನೆ. ಸ್ಮಾಲೆಟ್‌ನ ಸಿಟ್ಟು ಇಲ್ಲಿ ಒಬ್ಬ ದಡ್ಡ ವೈದ್ಯನ ಮೇಲಲ್ಲ, ರೋಗಿಗೆ ಹದಿನಾಲ್ಕೇ ಅಂಗುಲ ಕೊಟ್ಟ ವ್ಯವಸ್ಥೆಯ ಮೇಲೆ.

ಹೆರಿಗೆಯ ಕೋಣೆಗೆ ಗಂಡಸರು ಕಾಲಿಟ್ಟ ಕಾಲದ ಕಥೆ ಲಾರೆನ್ಸ್ ಸ್ಟರ್ನ್‌ನ 'ಟ್ರಿಸ್ಟ್ರಮ್ ಶ್ಯಾಂಡಿ' (1759–67). ಹೆರಿಗೆಯ ಇಕ್ಕಳವನ್ನು ಚೇಂಬರ್ಲೆನ್ ಮನೆತನ ನೂರಕ್ಕೂ ಹೆಚ್ಚು ವರ್ಷ ಗುಟ್ಟಾಗಿಟ್ಟುಕೊಂಡಿತ್ತು. ಹದಿನೆಂಟನೆಯ ಶತಮಾನದ ಮೊದಲಾರ್ಧದಲ್ಲಿ ಅದು ಎಲ್ಲರ ಕೈಗೂ ಬಂತು. ಊರಲ್ಲಿ ಅನುಭವಸ್ಥ ಸೂಲಗಿತ್ತಿ ಇದ್ದಾಳೆ. ಅವಳ ಪರವಾನಗಿಗೆ ಪಾದ್ರಿ 18 ಶಿಲಿಂಗ್ 4 ಪೆನ್ಸ್ ಕಟ್ಟಿದ್ದಾನೆ. ತಾಯಿಗೆ ಅವಳೇ ಬೇಕು, ತಂದೆಗೆ ಡಾಕ್ಟರ್ ಸ್ಲಾಪ್ ಬೇಕು. ಯಾರ್ಕ್ ನಗರದ ವೈದ್ಯ ಜಾನ್ ಬರ್ಟನ್ ಈ ಪಾತ್ರದ ಮೂಲ. ಸ್ಲಾಪ್ ಇಕ್ಕಳದ ಪ್ರಯೋಗ ತೋರಿಸುವಾಗ ಚಿಕ್ಕಪ್ಪ ಟೋಬಿಯ ಕೈಯ ಚರ್ಮ ಕಿತ್ತುಬರುತ್ತದೆ. ಹೆರಿಗೆಯಲ್ಲಿ ಮಗುವಿನ ಮೂಗು ಜಜ್ಜಿಹೋಗುತ್ತದೆ. ಇದೆಲ್ಲ ನಡೆಯುವಾಗ ಗಂಡಸರು ಕೆಳಗೆ ಕುಳಿತು ವಾದ ಮಾಡುತ್ತಾರೆ. ಮೇಲೆ ನರಳುವ ತಾಯಿಯ ದನಿ ಕಾದಂಬರಿಯೊಳಗೂ ಕೇಳಿಸುವುದಿಲ್ಲ. ರೋಗಿಯ ಕಡೆ ನಿಂತ ಈ ಪರಂಪರೆಯ ದೊಡ್ಡ ಕೊರತೆ ಇದೇ. ಟೋಬಿಯ ಗಾಯಕ್ಕೆ ಮಾತ್ರ ಸ್ಟರ್ನ್ ಧಾರಾಳವಾಗಿ ಪುಟ ಕೊಟ್ಟ. 1695ರ ನಾಮೂರ್ ಮುತ್ತಿಗೆಯಲ್ಲಿ ತೊಡೆಸಂದಿಗೆ ಪೆಟ್ಟು ಬಿದ್ದು ನಾಲ್ಕು ವರ್ಷ ಕೋಣೆಯಲ್ಲೇ ಕಳೆದವನು ನೋಡಬಂದವರಿಗೆ ಕಥೆ ಹೇಳಲು ಹೋಗಿ, ಕೋಟೆಯ ವಿವರದಲ್ಲಿ ಗೊಂದಲಕ್ಕೆ ಸಿಕ್ಕು ಇನ್ನಷ್ಟು ನರಳುತ್ತಾನೆ. ಒಂದು ದಿನ ನಾಮೂರಿನ ನಕ್ಷೆ ತರಿಸಿಕೊಳ್ಳುತ್ತಾನೆ. ಎಲ್ಲಿ ನಿಂತಿದ್ದೆ ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾದಾಗ ಅವನ ಜೀವಕ್ಕೆ ನೆಮ್ಮದಿ.

ಇದೇ ಹೊತ್ತಿಗೆ ಚೀನಾದಲ್ಲಿ ಕಾವ್ ಶುಯೆಚಿನ್ 'ಕೆಂಪು ಮಹಲಿನ ಕನಸು' ಬರೆಯುತ್ತಿದ್ದ. 1760ರ ದಶಕದ ಆರಂಭದಲ್ಲಿ ಅವನು ತೀರಿಕೊಂಡ, ಕೃತಿ ಅಚ್ಚಾದದ್ದು 1791ರಲ್ಲಿ. ದಾಸಿ ಚಿಂಗ್‌ವೆನ್‌ಗೆ ಶೀತಜ್ವರ. ಕೆಂಪು ಪರದೆಯೊಳಗಿಂದ ಅವಳ ಕೈ ಹೊರಬರುತ್ತದೆ. ಗೋರಂಟಿಯಂತೆ ಹೂವಿನ ರಸದಿಂದ ಕೆಂಪೇರಿಸಿದ ಎರಡು ನೀಳ ಉಗುರು ಕಂಡು ವೈದ್ಯ ಮುಖ ತಿರುಗಿಸುತ್ತಾನೆ, ಮುದುಕಿಯೊಬ್ಬಳು ಬೇಗನೆ ಕರವಸ್ತ್ರ ಮುಚ್ಚುತ್ತಾಳೆ. ನಾಡಿ ನೋಡಿ ಬರೆದ ಚೀಟಿಯನ್ನು ಮನೆಯ ಹುಡುಗ ಪಾವ್‌ಯೂ ಓದಿ, ಇಷ್ಟು ಉಗ್ರ ಮದ್ದು ಹೆಣ್ಣುಮಕ್ಕಳಿಗೆ ಆಗದೆಂದು ಬೇರೆ ವೈದ್ಯನನ್ನು ಕರೆಸುತ್ತಾನೆ. ಮೊದಲಿನವನ ಶುಲ್ಕಕ್ಕೆ ಬೆಳ್ಳಿ ತೂಗಲು ಹೋದರೆ ತಕ್ಕಡಿಯ ಗುರುತು ಗೊತ್ತಿಲ್ಲ. ಅಂದಾಜಿನ ಮೇಲೆ ದೊಡ್ಡ ತುಂಡನ್ನೇ ಕೊಟ್ಟುಬಿಡುತ್ತಾರೆ. ಯುರೋಪಿನ ವೈದ್ಯನನ್ನು ಲ್ಯಾಟಿನ್ ಕಾಯುತ್ತಿತ್ತು. ಇಲ್ಲಿ ಓದುಬರಹ ಬಲ್ಲ ಮನೆಯವರು ವೈದ್ಯನ ಚೀಟಿಯನ್ನು ತೂಗಿ ನೋಡಬಲ್ಲರು. ಮದ್ದಿನ ಹೆಸರುಗಳೂ ಅಳತೆಗಳೂ ಕಾದಂಬರಿಯಲ್ಲಿ ಹಾಗೇ ಉಳಿದಿರುವುದು ಆ ಕಾರಣಕ್ಕೆ.

1771ರಲ್ಲಿ ಸ್ಮಾಲೆಟ್ ಮತ್ತೆ ಕಾಯಿಲೆಯ ಕಡೆಗೆ ಬಂದ, ಈ ಸಲ ರೋಗಿಯಾಗಿ. 'ಹಂಫ್ರಿ ಕ್ಲಿಂಕರ್' ಪೂರ್ತಿ ಪತ್ರಗಳಲ್ಲಿದೆ. ಸಂಧಿವಾತದ ಮ್ಯಾಥ್ಯೂ ಬ್ರ್ಯಾಂಬಲ್ ತನ್ನ ವೈದ್ಯ ಡಾಕ್ಟರ್ ಲೂಯಿಸ್‌ಗೆ ಊರೂರಿನಿಂದ ಬರೆಯುತ್ತಾನೆ, ಮೊದಲ ಪತ್ರದಲ್ಲೇ ಗುಳಿಗೆಗಳು ಕೆಲಸಕ್ಕೆ ಬಾರವೆಂದು ದೂರುತ್ತಾನೆ. ಬಾತ್ ಪಟ್ಟಣದ ಬಿಸಿನೀರಿನ ಕೊಳದಲ್ಲಿ ಹುಣ್ಣಿನವರೂ ಮೀಯುತ್ತಾರೆ, ಆ ನೀರೇ ಸೋರಿ ಕುಡಿಯುವ ಪಂಪಿಗೆ ಸೇರುತ್ತದೋ ಎಂಬ ಶಂಕೆ ಅವನಿಗೆ. 1752ರಲ್ಲೇ ಸ್ಮಾಲೆಟ್ ನೀರಿನ ಚಿಕಿತ್ಸೆಯ ಬಗ್ಗೆ ಪ್ರಬಂಧ ಬರೆದು ಬಾತ್‌ನ ವ್ಯವಸ್ಥೆಯನ್ನು ಟೀಕಿಸಿದ್ದ. ಪ್ರಯಾಣ ಸಾಗಿದಂತೆ ಬ್ರ್ಯಾಂಬಲ್‌ನ ಮೈ ಹುರುಪಾಗುತ್ತದೆ. ಅವನನ್ನು ಸೃಷ್ಟಿಸಿದವನು ಆಗ ಹವೆ ಬದಲಾವಣೆಗೆಂದು ಇಟಲಿಯ ಲಿವೊರ್ನೊ ಬಳಿ ನೆಲೆಸಿದ್ದ; ಪುಸ್ತಕ ಹೊರಬಂದ ಕೆಲವೇ ತಿಂಗಳಲ್ಲಿ, ಸೆಪ್ಟೆಂಬರ್‌ನಲ್ಲಿ, ಅಲ್ಲೇ ತೀರಿಕೊಂಡ.